ತಿರುಗಿಬಿದ್ದ ಕಾವಲು — ಏಳನೆಯ ಕಂತು: ಹಗೇವಿನ ವಾಸನೆ

ಹಗೇವಿನ ಬಾಯಿ ತೆರೆದ ದಿನ ಸಾಲೋಟಗಿಯ ನಮ್ಮ ಓಣಿಯಲ್ಲಿ ಒಂದು ವಾಸನೆ ಹರಡುತ್ತಿತ್ತು. ಹಸಿಮಣ್ಣು, ಮುಗ್ಗಿದ ಜೋಳದ ಕಣಕಿ, ಹುಳಿ ಬಂದ ಹಿಟ್ಟು, ಎಲ್ಲ ಕೂಡಿದ ವಾಸನೆ. ನೆಲದೊಳಗೆ ಆಳುದ್ದ ತೋಡಿ ಜೋಳ ತುಂಬಿಟ್ಟ ಆ ಕುಣಿಯ ಕಲ್ಲು ಸರಿಸಿ, ಅಜ್ಜ ಮೊದಲು ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಸುತ್ತಿದ್ದ. ಕಂದೀಲು ಆರಿದರೆ ಒಳಗೆ ಇನ್ನೂ ಕೆಟ್ಟ ಗಾಳಿ ಇದೆ, ಯಾರೂ ಇಳಿಯುವಂತಿಲ್ಲ. ಅಜ್ಜಿ ನಮ್ಮನ್ನೆಲ್ಲ ಸೆರಗಿನೊಳಗೆ ಸುತ್ತಿಕೊಂಡು ದೂರ ನಿಂತಿರುತ್ತಿದ್ದಳು. ಆಮೇಲೆ ತಿಂಗಳುಗಟ್ಟಲೆ ಆ ವಾಸನೆ ರೊಟ್ಟಿಯಲ್ಲಿ ಇರುತ್ತಿತ್ತು. ಅದಿಲ್ಲದ ರೊಟ್ಟಿ ನಮಗೆ ಸಪ್ಪೆ ಅನಿಸುತ್ತಿತ್ತು.

ಅದೇ ವಾಸನೆ ಈಗ ಬಂದದ್ದು ಸಿಂದಗಿಯ ಹೊರಗಿನ ಸಂಶೋಧನಾ ಕೇಂದ್ರದಲ್ಲಿ, ಬಿಳಿ ಇಲಿಯ ಗೂಡೊಂದರ ಮುಚ್ಚಳ ಎತ್ತಿದಾಗ.

ನಾನು ಮೂಗಿನ ಮೇಲಿನ ಮಾಸ್ಕ್ ಕೆಳಗಿಳಿಸಿದೆ.

"ಮೇಡಂ, ಇಳಸಬ್ಯಾಡ್ರಿ!" ಪ್ರಿಯದರ್ಶಿನಿ ಗಾಬರಿಯಿಂದ ನನ್ನ ಕೈ ಹಿಡಿದಳು. "ನಮ್ಮ ಉಸರು ಇವಕ್ಕ ತಾಗಬಾರದ್ರಿ."

"ಒಂದ ಗಳಿಗಿ ತಡಿಯವ್ವ. ಇಲ್ಲೆ ಬಾ, ಮೂಸಿ ನೋಡು."

ಅವಳು ಬಗ್ಗಿದಳು. "ಇಲಿ ವಾಸನಿ ರೀ."

"ಇಲಿದಲ್ಲ. ಅದರ ಕೆಳಗ ಇನ್ನೊಂದ ಐತಿ."

"ನನಗೇನೂ ಬರವಲ್ದು ಮೇಡಂ."

ಬರಲಿಕ್ಕಿಲ್ಲ ಎಂದುಕೊಂಡೆ. ಈಗಿನ ಮಕ್ಕಳು ಅಂಗಡಿಯ ಜೋಳ ತಿಂದು ಬೆಳೆದವರು.

ಈ ಕೋಣೆಗೆ ಹೊರಗಿನ ಒಂದು ಕಾಳೂ ಬರುವಂತಿಲ್ಲ. ಇಲಿಗಳ ಆಹಾರ ಮೊಹರು ಹಾಕಿದ ಚೀಲದಲ್ಲಿ ಬರುತ್ತದೆ. ಹಾಸಿಗೆಯ ಮರದ ಹೊಟ್ಟನ್ನು ಹಬೆಯಲ್ಲಿ ಬೇಯಿಸಿ ತರುತ್ತಾರೆ. ಒಳಗೆ ಬರುವ ಮನುಷ್ಯರು ಮೈ ತೊಳೆದು ಬೇರೆ ಬಟ್ಟೆ ತೊಟ್ಟು ಬರಬೇಕು. ನನ್ನ ಗೌನಿನ ಬೆನ್ನಿನ ದಾರಕ್ಕೆ ಕೈ ಎಟುಕದಿದ್ದಾಗ ಪ್ರಿಯದರ್ಶಿನಿಯೇ ಕಟ್ಟಿಕೊಟ್ಟಿದ್ದಳು, ಬಿಗಿಯಾಗದ ಹಾಗೆ, ಒಂದು ಬೆರಳು ಸಂದಿ ಬಿಟ್ಟು.

ಚಿಮಟ ಇಸಿದುಕೊಂಡು ಇಲಿ ಕಟ್ಟಿಕೊಂಡಿದ್ದ ಕಾಗದದ ಚೂರುಗಳ ಗೂಡನ್ನು ಮೆಲ್ಲಗೆ ಬಿಡಿಸಿದೆ. ಒಳಗೆ ಜೋಳದ ಹೊಟ್ಟು. ಅದರ ಜೊತೆ ಅರ್ಧ ಕಾಳು. ಬಣ್ಣ ಬೆಳ್ಳಗಿರಲಿಲ್ಲ, ಹಗೇವಿನ ಅಂಚಿಗೆ ತಾಗಿ ಕೂತ ಕಾಳಿನ ಹಾಗೆ ಹಳದಿಗೆ ತಿರುಗಿತ್ತು.

"ಇದು ಇಲ್ಲಿಗೆ ಹ್ಯಾಂಗ ಬಂತು ಪ್ರಿಯಾ?"

ಅವಳ ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣು ಕಾಳಿನ ಮೇಲಿಂದ ಬಾಗಿಲಿಗೆ ಹೋಗಿ ಮರಳಿ ಬಂತು.

"ಕಾಳಪ್ಪಗ ಸಾವಿರ ಸಲ ಹೇಳೇನ್ರಿ, ಹಾಸಗಿ ಬದಲ ಮಾಡುವಾಗ ಹಳೇ ಗೂಡು ಪೂರಾ ಚೆಲ್ಲು ಅಂತ. ಕೇಳಂಗಿಲ್ಲ. ಹಳೇದು ಒಂದೀಟು ತಗೊಂಡು ಹೊಸದರಾಗ ಇಡತಾನ."

"ಯಾಕಂತ?"

"ಇಲಿ ಅಂಜತಾವಂತ." ಅವಳು ಬೇಸರದಿಂದ ಹೇಳಿದಳು. "ದೊಡ್ಡ ಇಲಿಗೋಳ ಅಪ್ಪ ಆಗ್ಯಾನ ಅವಾ."

ಇಲಿ ಸಾಕುವ ಕಾಳಪ್ಪನ ಆ ಅಕ್ಕರೆ ಇರದಿದ್ದರೆ ಹೊಟ್ಟು ಎಂದೋ ಕಸದ ಬುಟ್ಟಿ ಸೇರಿರುತ್ತಿತ್ತು, ನನ್ನ ಕೈಗೆ ಏನೂ ಸಿಗುತ್ತಿರಲಿಲ್ಲ.

"ನಿಮ್ಮ ಮನ್ಯಾಗ ಹಗೇವಿನ ಜ್ವಾಳ ತಿಂತೀರೇನು?" ಸುಮ್ಮನೆ ಕೇಳಿದಂತೆ ಕೇಳಿದೆ.

"ಹಗೇವು ಹೆಸರ ಕೇಳೇನ್ರಿ. ಕಣ್ಣಿಲೆ ಕಂಡಿಲ್ಲ, ಆ ಜ್ವಾಳಾನೂ ಕಂಡಿಲ್ಲ. ನಮ್ಮೂರು ತಾಂಬಾದಾಗ ನಮ್ಮವ್ವ ಅಂಗಡಿಯಿಂದ ತರ್ತಾಳ."

ನಾನು ನಂಬಿದೆ. ನಂಬದಿರಲು ನನಗೆ ಕಾರಣವಿರಲಿಲ್ಲ. ಇಂಡಿ ಪಟ್ಟಣದ ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸುತ್ತಿದ್ದಾಗ ಇವಳು ನನ್ನ ವಿದ್ಯಾರ್ಥಿನಿ. ಕಪ್ಪೆ ಕೊಯ್ಯುವ ದಿನ ಎಲ್ಲರೂ ನಗುತ್ತಿದ್ದರೆ, ಇವಳು ಒದ್ದೆ ಬಟ್ಟೆಯ ಚೂರೊಂದನ್ನು ಅದರ ಕಣ್ಣಿನ ಮೇಲೆ ಮುಚ್ಚಿದ್ದಳು. ಅಂಥ ಹುಡುಗಿ.

ಆ ಹುಡುಗಿಯ ಮೇಲೀಗ ಸುಳ್ಳು ಸಂಶೋಧನೆ ಮಾಡಿದಳೆಂಬ ಆಪಾದನೆ. ಸೋಮವಾರ ಸಮಿತಿ ಕೂಡುತ್ತದೆ. ಹೌದು ಎಂದು ಅವರು ಬರೆದರೆ ಇನ್ನು ಯಾವ ಪ್ರಯೋಗಾಲಯದ ಬಾಗಿಲೂ ಅವಳಿಗೆ ತೆರೆಯುವುದಿಲ್ಲ.

ಈ ಇಲಿಗಳ ತಳಿಯೇ ಅಂಥದು. ದೇಹದೊಳಗಿನ ಕಾವಲುಗಾರರು ಒಂದು ದಿನ ಮನೆಯವರನ್ನೇ ಕಳ್ಳರೆಂದು ಬಗೆದು ಹೊಡೆಯಲು ಶುರುಮಾಡುತ್ತಾರೆ. ಇನ್ಸುಲಿನ್ ತಯಾರಿಸುವ ಜೀವಕೋಶಗಳು ಸಾಯುತ್ತವೆ, ಇಲಿಗೆ ಸಕ್ಕರೆ ಕಾಯಿಲೆ ಬರುತ್ತದೆ. ಮಕ್ಕಳಿಗೂ ಹೀಗೆಯೇ ಬರುವುದುಂಟು. ಪ್ರಿಯದರ್ಶಿನಿಯ ತಂಗಿ ಸೌಂದರ್ಯಾಳಿಗೆ ಬಂದದ್ದು ಇದೇ ಕಾಯಿಲೆ. ಇಂಡಿಯ ಹಾಸ್ಟೆಲಿನಲ್ಲಿ ಇದ್ದು ಓದುವ ಆ ಹುಡುಗಿ ದಿನವೂ ಹೊಟ್ಟೆಗೆ ಸೂಜಿ ಚುಚ್ಚಿಕೊಂಡೇ ಊಟಕ್ಕೆ ಕೂರುತ್ತಾಳೆ.

ಪ್ರಿಯದರ್ಶಿನಿ ಒಂದು ಗುಂಪಿನ ಇಲಿಗಳಲ್ಲಿ ಒಂದೇ ಒಂದು ವಂಶವಾಹಿಯನ್ನು ಬದಲಿಸಿದ್ದಳು. ಮೊದಲ ಸುತ್ತಿನಲ್ಲಿ ಬದಲಾದ ಇಲಿಗಳು ಗಟ್ಟಿಮುಟ್ಟಾಗಿ ಉಳಿದವು, ಮಾಮೂಲಿ ಇಲಿಗಳು ಕಾಯಿಲೆ ಬಿದ್ದವು. ಕಾಯಿಲೆಯ ಬೇರು ಆ ವಂಶವಾಹಿಯಲ್ಲಿದೆ ಎಂದು ದೊಡ್ಡ ದೊಡ್ಡವರು ಬೆನ್ನು ತಟ್ಟಿದರು. ಎರಡನೆಯ ಸುತ್ತಿನಲ್ಲಿ ಮಾಮೂಲಿ ಇಲಿಗಳೂ ಕಾಯಿಲೆ ಬೀಳಲಿಲ್ಲ. ಎರಡು ಗುಂಪಿಗೂ ವ್ಯತ್ಯಾಸವೇ ಇಲ್ಲವೆಂದ ಮೇಲೆ ಮೊದಲ ಸಲ ಕಂಡದ್ದು ಏನು?

ಹಾಗೆ ನೋಡಿದರೆ ಪ್ರಿಯದರ್ಶಿನಿ ನನ್ನನ್ನು ಕರೆದಿರಲಿಲ್ಲ. ನನ್ನ ಮನೆಯ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಂಡವಳು ಅವಳ ತಾಯಿ ಇಂದ್ರಾಬಾಯಿ.

ನಾನು ಇನ್ನೂ ಕೆಲವು ಗೂಡು ತೆಗೆಸಿದೆ. ಕೆಲವುಗಳಲ್ಲಿ ವಾಸನೆ ಇತ್ತು, ಕೆಲವುಗಳಲ್ಲಿ ಇರಲಿಲ್ಲ. ವಾಸನೆ ಇದ್ದ ಗೂಡುಗಳ ಸಂಖ್ಯೆ ನೆನಪಿಟ್ಟುಕೊಂಡು, ಹೊಟ್ಟನ್ನು ಪುಟ್ಟ ಬಾಟಲಿಗೆ ಹಾಕಿ ಹೊರಗೆ ಬಂದೆ.

*

ಕೇಂದ್ರದ ಚಹಾದ ಕೋಣೆಯಲ್ಲಿ ಇಬ್ಬರಿದ್ದರು. ಮುಖ್ಯಸ್ಥ ಬಸವಂತರಾಯರು ಬಸವನ ಬಾಗೇವಾಡಿಯವರು, ಅಂಗಿಯ ಮೇಲಿನ ಗುಂಡಿಯನ್ನೂ ಬಿಡದೆ ಹಾಕಿಕೊಳ್ಳುವ ಮನುಷ್ಯ. ಪ್ರಾಣಿವೈದ್ಯ ತಬ್ರೇಜ ಮುದ್ದೇಬಿಹಾಳದವನು, ಇನ್ನೂ ತರುಣ.

ನನ್ನನ್ನು ಕಂಡದ್ದೇ ತಬ್ರೇಜ ಎದ್ದು ಫ್ಯಾನಿನ ಕೆಳಗಿನ ತನ್ನ ಕುರ್ಚಿ ಬಿಟ್ಟುಕೊಟ್ಟ.

"ಏನ್ ಸಿಕ್ತ್ರಿ ಸುಮಂಗಲಾ ಮೇಡಂ?" ಬಸವಂತರಾಯರು ಕೇಳಿದರು. "ಕಾಲೇಜಿನ್ಯಾಗ ಕಾಪಿ ಹಿಡಿಯೂದ ಅಲ್ಲ ಇದು."

"ಕಾಪಿ ಹಿಡಿಯೂದು ಭಾಳ ಕಠಿಣರಿ ಸರ. ನಿಮ್ಮ ಕಾಲದ ಹುಡುಗರನ್ನ ಹಿಡದೇನಿ, ನನಗ ಗೊತ್ತು."

ತಬ್ರೇಜ ನಗು ಮುಚ್ಚಲು ಕಪ್ಪಿನೊಳಗೆ ನೋಡಿದ. ನಾನು ಬಾಟಲಿಯನ್ನು ಮೇಜಿನ ಮೇಲೆ ಇಟ್ಟೆ.

ಬಸವಂತರಾಯರು ಅದನ್ನು ಮುಟ್ಟಲಿಲ್ಲ. "ಒಳಗಿನ ವಸ್ತು ಹೊರಗ ತರಬಾರದಿತ್ತು."

"ಹೊರಗಿನ ವಸ್ತು ಒಳಗ ಬರಬಾರದಿತ್ತಲ್ರಿ."

ತಬ್ರೇಜ ಬಾಟಲಿ ಎತ್ತಿ ಬೆಳಕಿಗೆ ಹಿಡಿದ. ಮುಚ್ಚಳ ತೆಗೆದು ಮೂಸಿದ. ಅವನ ಹುಬ್ಬು ಮೇಲೇರಿತು.

"ಯಾವ ನಂಬರ್ ಗೂಡಿನ್ಯಾಗ ಸಿಕ್ತು ಮೇಡಂ?"

ನಾನು ಹೇಳುತ್ತ ಹೋದೆ. ಅವನು ಕಣ್ಣುಮುಚ್ಚಿ ಕೇಳಿದ.

"ಇವೆಲ್ಲಾ ಮಾಮೂಲಿ ಇಲಿ ಅದಾವ್ರಿ," ಅಂದ. "ಬದಲಾದ ಇಲಿ ಒಂದೂ ಇಲ್ಲ."

ಬಸವಂತರಾಯರು ಕಪ್ಪನ್ನು ಕೆಳಗಿಟ್ಟರು.

"ಇದರಿಂದ ಏನಾಕ್ಕೈತಿ, ಸರಳ ಮಾಡಿ ಹೇಳಪ್ಪ," ಎಂದೆ. ನನಗೆ ಗೊತ್ತಿತ್ತು. ಬಸವಂತರಾಯರ ಮುಖ ನೋಡುತ್ತ ಅದನ್ನು ಕೇಳಬೇಕಿತ್ತು.

"ಈ ತಳಿ ಇಲಿಗೋಳು ಭಾಳ ಸ್ವಚ್ಛ ಇದ್ದಷ್ಟೂ ಬ್ಯಾನಿ ಜಾಸ್ತಿ ಬೀಳತಾವ್ರಿ. ಹೊರಗಿನ ಹೊಲಸು, ಬೂಷ್ಟು ಒಳಗ ಬಂತಂದ್ರ ಬ್ಯಾನಿ ಕಮ್ಮಿ ಆಕ್ಕೈತಿ. ಎಲ್ಲಾ ದೇಶದಾಗೂ ನೋಡ್ಯಾರ. ಕಾವಲುಗಾರಗ ಖರೆ ಕಳ್ಳ ಸಿಕ್ಕಂಗ, ಮನಿಯವರನ್ನ ಬಿಟ್ಟು ಅವನ ಬೆನ್ನ ಹತ್ತತಾನ."

"ಅಂದ್ರ ಈ ಕಾಳ ತಿಂದ್ರ ಮನಿಶಾರಿಗೂ ಶುಗರ್ ಹೋಗತೈತೇನು?" ಬಸವಂತರಾಯರು ವ್ಯಂಗ್ಯವಾಗಿ ಕೇಳಿದರು.

"ಛೇ ಛೇ. ಇಲಿ ಮಾತು ಇಲಿಗಿ ಅಷ್ಟರಿ."

"ಹಂಗಾದ್ರ ಎರಡನೇ ಸುತ್ತು ಹೊಲಸಾತು. ಮೊದಲನೇದು ಖರೆ ಅಂತ ಇದರಿಂದ ಹ್ಯಾಂಗ ಹೇಳ್ತೀರಿ?" ಅವರು ಎದ್ದರು. "ಇಷ್ಟು ಇಲಿ ಹೊಲಸಾದ ಮ್ಯಾಲ ಇಡೂದರಾಗ ಅರ್ಥ ಇಲ್ಲ. ಸೋಮವಾರ ಮುಂಜಾನಿ ಸಮಿತಿ ಬರೂದರೊಳಗ ಎಲ್ಲಾ ಮುಗಸ್ತೇವಿ. ಕೋಣಿ ತೊಳಸ್ತೇವಿ."

"ಸಮಿತಿ ನೋಡಿದ ಮ್ಯಾಲ ಮುಗಸ್ರಲ್ಲ."

"ಸಂಸ್ಥಾದ ಹೆಸರು ಐತ್ರಿ ಮೇಡಂ. ಒಬ್ಬ ಹುಡಗಿ ಸಲುವಾಗಿ ಹೆಸರು ಕಳಕೊಳ್ಳಾಕ ಬರಂಗಿಲ್ಲ."

ಅವರು ಹೋದರು. ಇಲಿಗಳು ಹೋದರೆ ಗೂಡುಗಳೂ ಹೋಗುತ್ತವೆ. ಈ ಬಾಟಲಿಯ ಹೊಟ್ಟು ಎಲ್ಲಿಂದ ಬಂತೆಂದು ಆಮೇಲೆ ಯಾರಿಗೂ ತೋರಿಸಲಾಗದು. ಅಷ್ಟು ಅವಸರ ಯಾಕೆ?

"ಯಾವ ಗೂಡಿನ್ಯಾಗ ಯಾವ ಇಲಿ ಐತಿ ಅಂತ ಯಾರ್ಯಾರಿಗೆ ಗೊತ್ತು ತಬ್ರೇಜ?"

"ಗೂಡಿನ ಮ್ಯಾಲ ಬರಿ ನಂಬರ್ ಇರತೈತ್ರಿ. ಸಾಕಾವರಿಗೆ ಗೊತ್ತಾದ್ರ ಒಂದಕ್ಕ ಹೆಚ್ಚ ಒಂದಕ್ಕ ಕಮ್ಮಿ ಮಾಡಿಗೀಡ್ಯಾರು ಅಂತ. ಗೊತ್ತಿದ್ದದ್ದು ಪ್ರಿಯದರ್ಶಿನಿಗೆ, ಸರ್‌ಗೆ..." ಅವನು ತಡೆದು ನಕ್ಕ. "ಮತ್ತ ನನಗ. ಇಲಿ ಕಿವಿಗೆ ಗುರ್ತ ಮಾಡಾವ ನಾನ ಅಲ್ರಿ."

"ಹಗೇವಿನ ವಾಸನಿ ನಿನಗ ಹ್ಯಾಂಗ ಗೊತ್ತಾತು? ಮೂಸಿದ ಕೂಡಲೆ ಹುಬ್ಬು ಏರಿಸಿದಿ."

ಅವನು ಬಾಟಲಿಗೆ ಮುಚ್ಚಳ ಹಾಕಿದ. "ಯಂಕಂಚ್ಯಾಗ ಕಾಳಪ್ಪನ ಮನ್ಯಾಗ ಐತಿ. ಕಾರಹುಣ್ಣಿಮಿ ಮುಂದ ತೆರದ್ರು. ಅವನ ಎತ್ತಿಗೆ ಆರಾಮಿಲ್ಲ ಅಂತ ಹೋಗಿದ್ದೆ, ಆವಾಗ ನೋಡೇನಿ."

ಎರಡನೆಯ ಸುತ್ತು ಶುರುವಾದದ್ದೂ ಕಾರಹುಣ್ಣಿಮೆಯ ಸುಮಾರಿಗೇ.

"ಕಾಳಪ್ಪ ಮಾಡಿರಲಿಕ್ಕಿಲ್ರಿ," ತಬ್ರೇಜ ತಾನಾಗಿ ಸೇರಿಸಿದ. "ಆದ್ರ ಕಾಳು ಮಾತ್ರ ಅವಂದ."

ಒಬ್ಬನನ್ನು ಉಳಿಸುವಂತೆ ಮಾತಾಡಿ ಅವನ ಕಡೆಗೇ ಬೆರಳು ತೋರಿಸುವುದು ಹೇಗೆಂದು ಬಲ್ಲವರು ಇರುತ್ತಾರೆ. ತಬ್ರೇಜ ಅಂಥವನೋ, ನಿಜಕ್ಕೂ ಒಳ್ಳೆಯವನೋ ನನಗೆ ತಿಳಿಯಲಿಲ್ಲ. ನನ್ನ ಕಪ್ಪಿನ ಚಹಾ ಆರಿತ್ತು. ಅವನು ಕೇಳದೆಯೇ ಅದನ್ನು ತೆಗೆದುಕೊಂಡು ಹೋಗಿ ಬಿಸಿ ಚಹಾ ತಂದಿಟ್ಟ.

*

ಯಂಕಂಚಿಗೆ ಟಂಟಂ ರಿಕ್ಷಾ ಹಿಡಿದು ಹೋದೆ. ಅಂದು ಕಾಳಪ್ಪನಿಗೆ ರಜೆ. ಸೀಗಿ ಹುಣ್ಣಿಮೆ ಹತ್ತಿರವಿತ್ತು. ದಾರಿಯ ಎರಡೂ ಕಡೆ ಎರೆಮಣ್ಣಿನ ಹೊಲದಲ್ಲಿ ಜೋಳದ ಮೊಳಕೆ ಸಾಲಾಗಿ ಎದ್ದಿತ್ತು.

ಕಾಳಪ್ಪ ಅಂಗಳದಲ್ಲಿ ಎತ್ತಿನ ಹಗ್ಗ ಹೊಸೆಯುತ್ತಿದ್ದ. ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ನನ್ನನ್ನು ಕಂಡು ಹಗ್ಗ ಬಿಟ್ಟು ಎದ್ದ, ಮಂಚದ ಮೇಲಿನ ಕೌದಿ ಕೊಡವಿದ.

"ಬರ್ರಿ ಕಾಲೇಜ ಬಾಯಾರ. ಬಿಸಲಾಗ ಬಂದೀರಿ, ನೀರ ಕುಡೀರಿ."

ಅಂಗಳದ ಮೂಲೆಯಲ್ಲಿ ಚಪ್ಪಟೆ ಕಲ್ಲೊಂದು. ಅದರ ಸುತ್ತ ಮೆತ್ತಿದ ಮಣ್ಣು ಈ ವರ್ಷದ್ದು. ಉಳಿದ ಅಂಗಳಕ್ಕಿಂತ ಬಣ್ಣ ಬೇರೆ.

"ಹಗೇವು ಈ ವರ್ಷ ತೆರದೀರೇನು ಕಾಳಪ್ಪ?"

"ಹೌದ್ರಿ. ನಮ್ಮಪ್ಪ ತೋಡಿದ್ದು. ಊರಾಗ ಇದೊಂದ ಉಳದೈತಿ."

ನಾನು ಬಾಟಲಿ ಕೊಟ್ಟೆ. ಅವನು ಮುಚ್ಚಳ ತೆಗೆದ. ಮೂಗಿನ ಹತ್ತಿರ ಒಯ್ಯುವ ಮೊದಲೇ ಅವನ ಕೈ ನಿಂತಿತು.

"ಎಲ್ಲಿ ಸಿಕ್ತ್ರಿ?"

"ನೀನು ಹಾಸಗಿ ಬದಲಿ ಮಾಡೂ ಗೂಡಿನ್ಯಾಗ."

ಅವನು ಬಾಟಲಿ ಮುಚ್ಚಿ ನನ್ನ ಕೈಗೆ ಮರಳಿಸಿದ.

"ನಿಮ್ಮ ಮನಿ ಕಾಳು ಅದು. ಅಲ್ಲಂತೀಯೇನು?"

"ಅಲ್ಲ ಅನ್ನಂಗಿಲ್ರಿ. ಈ ವಾಸನಿ ಬ್ಯಾರೆ ಕಡೆ ಎಲ್ಲಿ ಬರತೈತಿ?"

"ಮತ್ತ ಯಾರು ಹಾಕಿದ್ರು?"

"ನಾ ಹಾಕೇನಿ ಅಂತ ಕೇಳಾಕತ್ತೀರಿ?"

"ಕೇಳಾಕತ್ತೇನಿ."

"ಬಾಯಾರ, ಚಾ ಕುಡದು ಆಮ್ಯಾಲ ಬೈರಿ. ಬಂದವರ ಕಡಿಂದ ಮೊದಲ ಬೈಸಿಕೊಂಡು ಆಮ್ಯಾಲ ಚಾ ಕೊಟ್ರ ಚಾ ಕಹಿ ಆಕ್ಕೈತಿ."

"ಚಾ ಬ್ಯಾಡ. ನನಗ ಉತ್ತರ ಬೇಕು. ಸೋಮವಾರ ಆ ಹುಡಗಿ ಮಾರಿಗೆ ಮಸಿ ಹಚ್ಚತಾರ. ನೀ ಕರುಣಿಯಿಂದ ಎರಡ ಕಾಳು ಹಾಕಿದ್ರೂ ಹೇಳಿಬಿಡು. ನಾ ನಿಂತು ಬಿಡಸ್ತೇನಿ."

"ಕರುಣಿ?" ಅವನು ಹಗ್ಗವನ್ನು ಮತ್ತೆ ಎತ್ತಿಕೊಂಡ. "ಕರುಣಿ ಇದ್ರ ಎಲ್ಲಾಕ್ಕೂ ಹಾಕತಿದ್ದಿಲ್ಲೇನ್ರಿ? ಕೆಳಗಿನ ಸಾಲಿನ್ಯಾಗ ಒಂದು ಕುಂಟ ಇಲಿ ಐತಿ. ಮೊದಲ ಅದಕ್ಕ ಹಾಕತಿದ್ದೆ. ಅದರ ಗೂಡಿನ್ಯಾಗ ಸಿಕ್ಕೈತೇನು?"

ಕುಂಟ ಇಲಿ ನನಗೂ ನೆನಪಿತ್ತು. ಅದರ ಗೂಡನ್ನು ಮೂಸಿದ್ದೆ. ಅಲ್ಲಿ ಏನೂ ಇರಲಿಲ್ಲ.

"ಇಲ್ಲ," ಎಂದೆ.

"ಹಾಂ. ನನಗ ಬರಿ ನಂಬರ್ ಗೊತ್ತು. ಯಾವುದು ಬದಲಾದದ್ದು, ಯಾವುದು ಮಾಮೂಲಿ, ದೇವರಾಣಿ ಗೊತ್ತಿಲ್ಲ. ನನಗ ಎಲ್ಲಾ ಒಂದ."

ಅವನು ಹೇಳಿದ್ದರಲ್ಲಿ ಬಿರುಕು ಹುಡುಕಿದೆ. ಸಿಗಲಿಲ್ಲ. ಅರಿಯದವನ ಕೈಯಾಗಿದ್ದರೆ ಕಾಳು ಎಲ್ಲ ಕಡೆ ಚೆಲ್ಲಿರುತ್ತಿತ್ತು. ಇದು ಆರಿಸಿ ಆರಿಸಿ ಹಾಕಿದ ಕೈ. ಗೂಡಿನ ಗುಟ್ಟು ತಿಳಿದ ಮೂವರಲ್ಲಿ ಒಬ್ಬರ ಕೈ.

"ಹಂಗಾದ್ರ ಕೇಂದ್ರದವರಿಗೆ ಯಾರಿಗೋ ನೀ ಜ್ವಾಳ ಕೊಟ್ಟೀದಿ."

ಹಗ್ಗ ಹೊಸೆಯುತ್ತಿದ್ದ ಅಂಗೈ ನಿಧಾನವಾಯಿತು.

"ಯಾರಿಗೆ ಕಾಳಪ್ಪ?"

"ಹೇಳಾಕ ಬರಂಗಿಲ್ರಿ."

"ಯಾಕ ಬರಂಗಿಲ್ಲ?"

"ನಮ್ಮ ಮನಿ ರಿವಾಜ ಐತಿ. ಹಗೇವು ತೆರದಾಗ ಬ್ಯಾನಿ ಬಿದ್ದವರ ಮನಿಯಿಂದ ಯಾರರ ಬಂದು ಉಡಿ ಒಡ್ಡಿದ್ರ ಇಲ್ಲ ಅನ್ನಬಾರದು. ಕೊಟ್ಟ ಮ್ಯಾಲ ಅವರ ಹೆಸರ ಬಾಯಾಗ ತರಬಾರದು. ನಮ್ಮಪ್ಪ ಸಾಯೂತನಾ ತಂದಿಲ್ಲ. ಹೆಸರ ಹೇಳಿದ್ರ ಕಾಳಿನ ಗುಣ ಹೊಕ್ಕೈತಿ ಅಂತಿದ್ದ."

"ಇದು ಕಾಳಿನ ಮಾತಲ್ಲ. ಒಂದ ಜೀವದ ಮಾತು."

"ಅವರೂ ಒಂದ ಜೀವದ ಸಲುವಾಗಿನ ಬಂದಿದ್ರು."

ಅದು ಅವನ ಬಾಯಿಂದ ತಪ್ಪಿ ಬಂತು. ಹೇಳಿದ ಕೂಡಲೇ ತುಟಿ ಬಿಗಿದುಕೊಂಡ.

"ಬಂದವರು ಗಂಡಸೋ ಹೆಂಗಸೋ?"

"ಬ್ಯಾನಿಗೆ ಗಂಡ ಹೆಣ್ಣ ಇರತೈತೇನ್ರಿ?"

"ಮನ್ಯಾಗ ಯಾರಿಗೆ ಆರಾಮಿಲ್ಲಂತ?"

ಕಾಳಪ್ಪ ಎತ್ತಿನ ಕಡೆ ನೋಡಿದ. ಎತ್ತಿನ ಮುಂಗಾಲಿನ ಮೇಲೆ ವಾಸಿಯಾದ ಗಾಯದ ಗುರುತು ಇತ್ತು. ತಬ್ರೇಜ ಹೊಲಿಗೆ ಹಾಕಿದ್ದಿರಬೇಕು.

ನನ್ನ ಮನಸ್ಸಿನಲ್ಲಿ ಒಂದು ಹೆಸರು ಮೆಲ್ಲಗೆ ತಲೆಯೆತ್ತಿತು. ತಬ್ರೇಜನ ತಾಯಿ ಅಖ್ತರಬೇಗಂ ಕೀಲುಬೇನೆಯಿಂದ ಮುದ್ದೇಬಿಹಾಳದಲ್ಲಿ ಹಾಸಿಗೆ ಹಿಡಿದಿದ್ದಾಳೆಂದು ಕೇಂದ್ರದಲ್ಲಿ ಕೇಳಿದ್ದೆ. ಅದೂ ದೇಹದ ಕಾವಲು ತನ್ನವರ ಮೇಲೆ ತಿರುಗಿಬೀಳುವ ಕಾಯಿಲೆಯೇ. ಹಗೇವು ತೆರೆದ ದಿನ ಅವನು ಇಲ್ಲಿದ್ದ. ಇಲಿಗಳ ಕಿವಿಗೆ ಗುರುತು ಮಾಡುವವನು ಅವನು. ಕಾಳು ಕಾಳಪ್ಪನದೇ ಎಂದು ಕೇಳದೆ ಹೇಳಿದವನೂ ಅವನು.

"ಡಾಕ್ಟರ್ ತಬ್ರೇಜ ಏನು?" ನಾನು ನೇರ ಕೇಳಿದೆ.

"ನಾ ಹೂಂ ಅಂದ್ರೂ ಹೆಸರ ಹೇಳಿದಂಗ, ಉಹೂಂ ಅಂದ್ರೂ ಹೇಳಿದಂಗ. ಇಕ್ಕಟ್ಟಿಗೆ ಸಿಗಸಬ್ಯಾಡ್ರಿ." ಅವನು ಕೈ ಮುಗಿದ. "ಅವರು ಕೆಟ್ಟವರಲ್ಲ, ಅಷ್ಟ ಹೇಳ್ತೇನಿ. ನಾ ಹೋಗಿ ಅವರ ಕಾಲ ಹಿಡದು ಅವರ ಬಾಯಿಲೆ ಹೇಳಸ್ತೇನಿ. ಸೋಮವಾರ ತನಕ ತಡೀರಿ."

"ಸೋಮವಾರ ಮುಂಜಾನಿ ಎಲ್ಲಾ ಇಲಿ ಮುಗಸ್ತಾರಂತ."

ಹಗ್ಗ ಅವನ ಕೈಯಿಂದ ಜಾರಿತು.

"ಎಲ್ಲಾ?"

"ಎಲ್ಲಾ."

"ಕುಂಟನ್ನೂ?"

ಹೌದೆಂದು ತಲೆಯಾಡಿಸಿದೆ. ಅವನು ಆ ಚಪ್ಪಟೆ ಕಲ್ಲನ್ನೇ ನೋಡುತ್ತ ಕೂತ. ಅವನ ತುಟಿ ಒಮ್ಮೆ ತೆರೆಯಿತು, ಹೆಸರು ಬಂದೇ ಬಿಟ್ಟಿತು ಎಂದುಕೊಂಡೆ. ಬರಲಿಲ್ಲ.

ಹೊರಟಾಗ ಅವನು ರಸ್ತೆಯವರೆಗೆ ಬಂದ. ಟಂಟಂ ನಿಲ್ಲಿಸಿ ಚಾಲಕನಿಗೆ ತಗ್ಗಿನಲ್ಲಿ ಮೆಲ್ಲಗೆ ಹೊಡೆಯಲು ಹೇಳಿದ, "ಬಾಯಾರ ಮೊಣಕಾಲ ನೋಯತಾವು" ಎಂದ. ನನ್ನ ಮೊಣಕಾಲಿನ ಸುದ್ದಿ ನಾನು ಅವನಿಗೆ ಹೇಳಿರಲಿಲ್ಲ. ಮಂಚದಿಂದ ಏಳುವಾಗ ನೋಡಿದ್ದನೇನೋ.

*

ಸಿಂದಗಿಯಲ್ಲಿ ಇಂಡಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು ಪ್ರಿಯದರ್ಶಿನಿಗೆ ಫೋನ್ ಮಾಡಿದೆ.

"ಕಾಳಪ್ಪ ಅಲ್ಲವ್ವ. ಆದ್ರ ಕಾಳು ಯಾರ ಒಯ್ದಾರ ಅನ್ನೂದು ಅವಗ ಗೊತ್ತು. ಹೇಳವಲ್ಲ."

"ಏನೂ ಹೇಳಲಿಲ್ಲೇನ್ರಿ?"

"ಹೆಸರ ಹೇಳಲಿಲ್ಲ. ನನಗ ತಬ್ರೇಜನ ಮ್ಯಾಲ ಸಂಶೆ ಐತಿ."

"ತಬ್ರೇಜ?" ಅವಳು ಉಸಿರು ಬಿಟ್ಟದ್ದು ಕೇಳಿಸಿತು. "ಅವರು ಹಂಗ ಮಾಡಾವರಲ್ರಿ ಮೇಡಂ."

"ನೀ ಒಳ್ಳೇಕಿ, ಅದಕ್ಕ ಹಂಗಂತಿ. ನಾಳೆ ಮುಂಜಾನಿ ಸಮಿತಿ ಅಧ್ಯಕ್ಷರಿಗೆ ನಾನ ಫೋನ್ ಮಾಡ್ತೇನಿ. ಇಲಿ ಮುಗಸೂದು ನಿಲ್ಲಸ್ತೇನಿ. ತಬ್ರೇಜನ ಹೆಸರೂ ಹೇಳ್ತೇನಿ."

"ಮೇಡಂ..."

"ಏನವ್ವ?"

"ಏನಿಲ್ರಿ. ಬಸ್ಸು ತಾಂಬಾದ ಮ್ಯಾಲ ಬರತೈತಲ್ರಿ? ಅವ್ವ ಸ್ಟ್ಯಾಂಡಿಗೆ ಬಂದಿರ್ತಾಳ. ದಿನಾ ಸೌಂದರ್ಯಾಗ ಬುತ್ತಿ ಕಳಸ್ತಾಳ ಇದ ಬಸ್ಸಿಗೆ. ನೀವು ಬರಾಕತ್ತೀರಿ ಅಂತ ಫೋನ್ ಮಾಡ್ತೇನಿ."

ಅವಳು ಬೇರೇನೋ ಹೇಳಲು ಹೊರಟಿದ್ದಳು. ಆದರೆ ಫೋನ್ ಇಟ್ಟಳು.

ಬುತ್ತಿಯ ಈ ಪದ್ಧತಿ ನಮ್ಮ ಕಡೆ ಹಳೆಯದು. ಇಂಡಿಯಲ್ಲಿ ಓದುವ ಮಕ್ಕಳಿಗೆ ಊರಿನ ತಾಯಂದಿರು ರೊಟ್ಟಿ ಕಟ್ಟಿ ಬಸ್ಸಿನವರ ಕೈಗೆ ಕೊಡುತ್ತಾರೆ. ಚಾಲಕನ ಹಿಂದಿನ ಜಾಗದಲ್ಲಿ ಸಾಲಾಗಿ ಗಂಟುಗಳು ಕೂರುತ್ತವೆ. ಯಾವ ಗಂಟು ಯಾರದೆಂದು ಕಂಡಕ್ಟರಿಗೆ ಬಟ್ಟೆಯ ಬಣ್ಣದಿಂದಲೇ ಗೊತ್ತು. ಇವತ್ತಿನ ಕಂಡಕ್ಟರ್ ಮೋದಿನಸಾಬ, ಬಸ್ಸು ತಗ್ಗಿಗೆ ಇಳಿದಾಗಲೆಲ್ಲ ಒಂದು ಕೈಯಿಂದ ಗಂಟುಗಳನ್ನು ಒತ್ತಿ ಹಿಡಿದುಕೊಳ್ಳುತ್ತಿದ್ದ.

ತಾಂಬಾದಲ್ಲಿ ಬಸ್ಸು ನಿಂತಾಗ ಹೊತ್ತು ಮುಳುಗಲು ಬಂದಿತ್ತು. ಜನರ ನಡುವೆ ಇಂದ್ರಾಬಾಯಿ ನನ್ನನ್ನು ಹುಡುಕುತ್ತ ಕಿಟಕಿಯಿಂದ ಕಿಟಕಿಗೆ ಬಂದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಎರಡು ಗಂಟು.

"ಬಾಯಾರ, ನಮ್ಮ ಪ್ರಿಯಾ ಪಾರಾದಳೇನ್ರಿ?"

"ಆಗತಾಳವ್ವ. ಚಿಂತಿ ಮಾಡಬ್ಯಾಡ. ಕಳ್ಳ ಹೆಚ್ಚು ಕಡಿಮಿ ಸಿಕ್ಕಾನ."

ಅವಳ ಕಣ್ಣು ತುಂಬಿ ಬಂತು. ಮೋದಿನಸಾಬ ಸೀಟಿ ಊದಲು ಬಾಯಿಗಿಟ್ಟವನು ಅವಳನ್ನು ಕಂಡು ಕೆಳಗಿಳಿಸಿದ. ಒಂದು ನಿಮಿಷ ತಡೆಯಲು ಚಾಲಕನಿಗೆ ಕೈಸನ್ನೆ ಮಾಡಿದ.

"ಇದು ಸೌಂದರ್ಯಾಗ ಮುಟ್ಟಸ್ರಿ." ಮೊದಲ ಗಂಟು ಕಿಟಕಿಯಿಂದ ಒಳಗೆ ಬಂತು. ಕೆಂಪು ಬಟ್ಟೆ, ಇನ್ನೂ ಬೆಚ್ಚಗಿತ್ತು.

ನಾನು ಅದನ್ನು ಎರಡೂ ಕೈಯಿಂದ ಹಿಡಿದೆ. ಆಗ ಬಂತು.

ಹಸಿಮಣ್ಣು. ಮುಗ್ಗಿದ ಕಣಕಿ. ಹುಳಿ ಬಂದ ಹಿಟ್ಟು.

ಕಂದೀಲು, ಹಗ್ಗ, ಅಜ್ಜಿಯ ಸೆರಗು.

"ಇಂದ್ರಾಬಾಯಿ," ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು. "ಈ ಜ್ವಾಳ ಯಾವ ಅಂಗಡೀದು?"

"ಅಂಗಡೀದು ಅಲ್ರಿ. ಹಗೇವಿಂದು. ನಮ್ಮ ಪ್ರಿಯಾನ ತಂದಾಳ, ಕಾರಹುಣ್ಣಿಮಿಗೆ. ಯಾರದೋ ಮನಿ ಮುಂದ ಉಡಿ ಒಡ್ಡಿ ಬೇಡಿಕೊಂಡು ಬಂದಳಂತ ತಂಗಿ ಸಲುವಾಗಿ. ಅರ್ಧ ನನಗ ಕೊಟ್ಟಳು, ಅರ್ಧ ತಾನ ಇಟಗೊಂಡಳು."

"ಅರ್ಧ ಯಾಕ ಇಟಗೊಂಡಳು?"

"ಗೊತ್ತಿಲ್ರಿ. ಮೊದಲ ನೋಡ್ತೇನಿ, ಆಮ್ಯಾಲ ಹೇಳ್ತೇನಿ ಅಂದಳು. ಏನ ನೋಡಾಕಿ ಇದ್ದಳೋ."

ಏನು ನೋಡಿದಳೆಂದು ನನಗೆ ಗೊತ್ತಾಯಿತು: ತಂಗಿಯ ಹಾಗೆ ಕಾಯಿಲೆ ಬೀಳುವ ಮಾಮೂಲಿ ಇಲಿಗಳಿಗೆ ತಿನ್ನಿಸಿ ಕಾಳಿನ ಗುಣ ನೋಡಿದ್ದಳು. ನನ್ನ ಕೈಚೀಲದಲ್ಲಿ ಫೋನ್ ನಡುಗಿತು. ಪ್ರಿಯದರ್ಶಿನಿಯ ಹೆಸರು. ನಾನು ಎತ್ತಲಿಲ್ಲ. ತಬ್ರೇಜ ಬಿಸಿ ಮಾಡಿ ತಂದಿಟ್ಟ ಚಹಾ ನೆನಪಾಯಿತು. ಬೆನ್ನ ಹಿಂದೆ ಒಂದು ಬೆರಳು ಸಂದಿ ಬಿಟ್ಟು ಕಟ್ಟಿದ ದಾರವೂ ನೆನಪಾಯಿತು.

ಮೋದಿನಸಾಬ ಈಗ ಸೀಟಿ ಊದಿದ. ಬಸ್ಸು ಅಲುಗಿತು.

ಇಂದ್ರಾಬಾಯಿ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ನಡೆದಳು. ನನಗೆಂದು ಕಟ್ಟಿದ ಎರಡನೆಯ ಬುತ್ತಿಯನ್ನು ಕಿಟಕಿಯ ಸರಳಿನ ಸಂದಿಯಿಂದ ತೂರಿಸಿ, ನನ್ನ ಉಡಿಯೊಳಗೆ ಮೆಲ್ಲಗೆ ಇಟ್ಟಳು.